ಬುಟ್ಟಿಯಲ್ಲಿ ಉಳಿದ ಒಂದು ರೊಟ್ಟಿ

ನನಗೆ ಮೂರೂವರೆ ಭಾಷೆ ಬರುತ್ತವೆ. ಕನ್ನಡ, ಹಿಂದಿ ಪೂರ್ತಿ, ಇಂಗ್ಲಿಷು ಅರ್ಧ. ಉಳಿದ ಒಂದನ್ನು ಭೂಮಿಯ ಮೇಲೆ ಯಾರೂ ಮಾತಾಡುವುದಿಲ್ಲ. ಕಂಪ್ಯೂಟರಿಗೆ ಕೆಲಸ ಹೇಳಲು ಬರೆಯುತ್ತಾರೆ, ಅಷ್ಟೆ. ಅದರ ಹೆಸರು ಸ್ಕೀಮ್. ನನಗೆ ಜಂಬವಿರುವುದು ಮಾತ್ರ ಇದೊಂದರ ಬಗ್ಗೆಯೇ.

ವಿಶ್ವವಿದ್ಯಾಲಯದಲ್ಲಿ ಎರಡು ವರ್ಗಗಳಿದ್ದವು. ಒಂದರಲ್ಲಿ ಕಂಪನಿಗಳು ಕೇಳುವ ಭಾಷೆ. ಇನ್ನೊಂದರಲ್ಲಿ, ಯೋಚಿಸುವುದನ್ನು ಕಲಿಸಲೆಂದೇ ಬಳಸುವ ಈ ಸ್ಕೀಮ್. ಮುದ್ದೇಬಿಹಾಳದಿಂದ ಬಂದ ನಾನು ಎರಡನೆಯದರಲ್ಲಿ ಕೂತೆ. ಧೈರ್ಯದಿಂದೇನಲ್ಲ. ಯಾರಿಗೂ ಗೊತ್ತಿಲ್ಲದ ಭಾಷೆಯಾದರೆ ಕನ್ನಡ ಮಾಧ್ಯಮದವಳೊಬ್ಬಳೇ ಹಿಂದೆ ಬೀಳುವುದಿಲ್ಲವೆಂಬ ಲೆಕ್ಕಾಚಾರ. ಬಸವನ ಬಾಗೇವಾಡಿಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ಸೋದರಮಾವ ಸುದ್ದಿ ತಿಳಿದು ಫೋನು ಮಾಡಿದ. “ಕಂಪನ್ಯಾವ್ರು ಅದನ್ನ ಕೇಳಂಗಿಲ್ಲವ್ವಾ. ಎಲ್ಲಾರೂ ಕಲಿಯೂದನ್ನ ಕಲಿ.” ಹಟಕ್ಕೆ ಬಿದ್ದು ಅಲ್ಲೇ ಉಳಿದೆ.

ಸ್ಕೀಮಿನ ಸಂಸಾರವೆಲ್ಲ ಕಂಸಗಳ ಮೇಲೆ ನಡೆಯುತ್ತದೆ. ತೆರೆದ ಕಂಸವನ್ನು ಮುಚ್ಚದಿದ್ದರೆ ಬಾಗಿಲು ಹಾಕದೆ ಹೊರಟವರನ್ನು ಬಯ್ಯುವ ಅವ್ವನ ಹಾಗೆ ಮುನಿಸಿಕೊಳ್ಳುತ್ತದೆ. ಅದರ ಮುಖ್ಯ ಪಾಠ ಮಾತ್ರ ಸರಳ. ಸಾಲಿನಲ್ಲಿ ಮೊದಲನೆಯದನ್ನು ತೆಗೆದುಕೊ, ಉಳಿದ ಸಾಲಿಗೂ ಇದನ್ನೇ ಮಾಡು. ಎಲ್ಲಿ ನಿಲ್ಲಬೇಕೆಂಬುದನ್ನು ಮೊದಲೇ ಹೇಳಿಟ್ಟಿರಬೇಕು. ನಾನು ಆ ಸಾಲನ್ನು ರೊಟ್ಟಿ ಬುಟ್ಟಿ ಎಂದುಕೊಂಡೆ. ಎಡವಿದ್ದೇ ಅಲ್ಲಿ.

ನಮ್ಮ ಮನೆಯಲ್ಲಿ ರೊಟ್ಟಿ ಬುಟ್ಟಿಯನ್ನು ಬರಿದು ಮಾಡುವುದಿಲ್ಲ. ಎಷ್ಟೇ ಜನ ಉಂಡೆದ್ದರೂ ತಳದಲ್ಲಿ ಒಂದು ಉಳಿಯಲೇಬೇಕು. ಬರಿದು ಎಂದರೆ ನಮ್ಮವರಿಗೆ ಮೊದಲಿನಿಂದಲೂ ಅಂಜಿಕೆ. ಬಳೆ ಒಡೆದರೆ ಹೆಚ್ಚಿತು ಎನ್ನುತ್ತೇವೆ. ಹೊರಟು ನಿಂತವರು ಬರ್ತೇನಿ ಎನ್ನುತ್ತಾರೆ. ಹೀಗಾಗಿ ಮೊದಲ ಪರೀಕ್ಷೆಯಲ್ಲಿ ಅಂಕಿಗಳನ್ನು ಕೂಡಿಸಿ ಎಂದಾಗ, ನನ್ನ ಪ್ರೋಗ್ರಾಮು ಕೊನೆಯದೊಂದನ್ನು ಮುಟ್ಟದೆ ಎದ್ದುಬಿಟ್ಟಿತು. ಎಲ್ಲ ಉತ್ತರವೂ ತಪ್ಪು. ಮೈಸೂರು ಕಡೆಯ ನಮ್ಮ ಮೇಡಂ, ಮುಂದಿನ ಪರೀಕ್ಷೆಯಲ್ಲೂ ಹೀಗಾದರೆ ಇನ್ನೊಂದು ವರ್ಗಕ್ಕೆ ಹೋಗಬೇಕಾಗುತ್ತದೆ ಎಂದು ಮೆತ್ತಗೆ ಹೇಳಿದರು. ನಮ್ಮ ಕಡೆ ಅಷ್ಟು ಮೆತ್ತಗೆ ಮಾತಾಡುವುದು ಯಾರಾದರೂ ತೀರಿಕೊಂಡಾಗ ಮಾತ್ರ.

ಎರಡನೆಯ ಪರೀಕ್ಷೆಯಲ್ಲಿ ಯಾವುದೋ ಹಿಮದ ಊರಿನ ಒಂದು ವಾರದ ಉಷ್ಣತೆಗಳನ್ನು ಕೊಟ್ಟು, ಅತಿ ಹೆಚ್ಚಿನದನ್ನು ಹುಡುಕಿಸಿ ಎಂದಿದ್ದರು. ಎಲ್ಲವೂ ಸೊನ್ನೆಗಿಂತ ಕೆಳಗೆ. ಬೇಸಿಗೆಯಲ್ಲಿ ನಳದಿಂದಲೇ ಬಿಸಿನೀರು ಬರುವ ಊರಿನವಳಿಗೆ ಅಂಥ ಚಳಿಯನ್ನು ನಂಬುವುದೇ ಕಷ್ಟ. ಕೈ ಮತ್ತೆ ಒಂದು ಉಳಿದಲ್ಲಿಗೇ ನಿಂತಿತು. ಅಳಿಸಲು ಹೊರಟವಳು ಯೋಚಿಸಿದೆ. ಯೋಚಿಸಿ, ಈ ಸಲ ಬೇಕೆಂದೇ ಹಾಗೇ ಬಿಟ್ಟೆ; ಆದರೆ ಆ ಕೊನೆಯದನ್ನು ಮುಟ್ಟದೆ ಬಿಡದೆ, ಅದನ್ನೇ ಸದ್ಯಕ್ಕೆ ದೊಡ್ಡದೆಂದು ಹಿಡಿದು ಮಿಕ್ಕವನ್ನು ಅದರ ಜೊತೆ ಹೋಲಿಸಿದೆ. ಉಳಿದವರೆಲ್ಲ ಸಾಲು ಬರಿದಾಗುವ ತನಕ ಹೋಗಿ ಅಲ್ಲಿ ಸೊನ್ನೆ ಇಟ್ಟಿದ್ದರು. ಅವರಿಗೆಲ್ಲ ಸೊನ್ನೆಯೇ ಹೆಚ್ಚಿನದಾಗಿ ಬಂತು, ಆ ವಾರದಲ್ಲಿ ಎಲ್ಲೂ ಇರದಿದ್ದ ಸೊನ್ನೆ. ಸರಿಯಾದ ಉತ್ತರ ನನ್ನದೊಂದೇ.

ಅದೃಷ್ಟವೋ ತಿಳಿವಳಿಕೆಯೋ ನೋಡಲು ಮೇಡಂ ನನ್ನನ್ನು ಬೋರ್ಡಿಗೆ ಕರೆದರು. ಪ್ರೋಗ್ರಾಮನ್ನು ಬೋರ್ಡಿನ ಮೇಲೆ ಬರೆದೆ, ಕಾರಣವನ್ನೂ ಹೇಳಬೇಕಾಯಿತು. ನನ್ನ ಅರ್ಧ ಇಂಗ್ಲಿಷು ಆಗಲೇ ಕೈಕೊಟ್ಟಿತು.

“ಬುಟ್ಟಿ ಬರಿದ ಆದ ಮ್ಯಾಲ ಯಾವ ರೊಟ್ಟಿ ದೊಡ್ಡದಂತ ಕೇಳಿದ್ರ ಏನ್ ಹೇಳೂದ್ರಿ ಮೇಡಂ? ಒಂದರ ಉಳಿದಿರಬೇಕಲ್ರಿ. ಕೂಡಸೂದಿದ್ರ ಪೂರ್ತಿ ಬರಿದ ಮಾಡಬೇಕು, ದೊಡ್ಡದು ಹುಡಕೂದಿದ್ರ ಮಾಡಬಾರದ್ರಿ.”

ಮೇಡಂ ವರ್ಗದ ಕಡೆ ತಿರುಗಿ, “ಎಲ್ಲರೂ ಇದನ್ನ ಬರ್ಕೊಳ್ಳಿ,” ಎಂದರು. ನನ್ನ ಮಾತನ್ನು ಜನ ಬರೆದುಕೊಂಡದ್ದು ಅದೇ ಮೊದಲು. ಹೆಮ್ಮೆಯಿಂದ ಕಣ್ಣು ತುಂಬಿತು. ಅದನ್ನು ಮುಚ್ಚಿಕೊಳ್ಳಲು ತಿರುಗಿ ಬೋರ್ಡು ಒರೆಸಿಬಿಟ್ಟೆ, ಬರೆದುಕೊಳ್ಳುತ್ತಿದ್ದವರು ಗೊಣಗಿದರು.

ಇದುವರೆಗೆ ಯಾವ ಕಂಪನಿಯೂ ನನ್ನನ್ನು ಸ್ಕೀಮ್ ಬಗ್ಗೆ ಕೇಳಿಲ್ಲ. ಕೇಳಲಿ ಎಂದು ಕಾಯುತ್ತಲೂ ಇಲ್ಲ. ಎಲ್ಲಿ ನಿಲ್ಲಬೇಕೆಂಬುದು ಕೇಳಿದ ಪ್ರಶ್ನೆಯ ಮೇಲೆ ನಿಂತಿದೆ ಎಂಬಷ್ಟು ತಿಳಿದರೆ, ಓದಿದ್ದು ದಂಡವಾಗಲಿಲ್ಲ ಎಂದೇ ನನ್ನ ಎಣಿಕೆ.

ಆ ಎರಡನೆಯ ಪರೀಕ್ಷೆಯ ನಂತರದ ರಜೆಯಲ್ಲಿ ಅವ್ವನ ಜೊತೆ ಸಂತೆಗೆ ಹೋಗಿದ್ದೆ. ಕಾಯಿಪಲ್ಲೆ ಆರಿಸುತ್ತಲೇ ಅವ್ವ ಗುರುತಿನವರಿಗೆಲ್ಲ ಹೇಳುತ್ತಿದ್ದಳು. “ನಮ್ಮ ಹುಡುಗಿಗೆ ಬರೂ ಭಾಷಾ ಈ ತಾಲೂಕಿನ್ಯಾಗ ಮತ್ತ್ಯಾರಿಗೂ ಬರಂಗಿಲ್ರಿ.” ನಾನು ಏನೂ ಕೇಳಿಸದವಳಂತೆ ಚೀಲ ಹಿಡಿದು ನಿಂತಿದ್ದೆ. ಬದನೆಕಾಯಿಯವಳ ಮುಂದೆ ಹೇಳುವುದನ್ನು ಅವ್ವ ಮರೆತಳು. ಮೆಲ್ಲಗೆ ಕೆಮ್ಮಿ ನೆನಪಿಸಿದೆ.