ಮೂರು ಬಣ್ಣದ ಮೆಟ್ರೋ ಹತ್ತಿಳಿದ ಹಗ್ಗ

ಕಳೆದ ಮಂಗಳವಾರ ಬೆಳಿಗ್ಗೆ ಒಂಬತ್ತೂವರೆಗೆ ಚಿಕ್ಕಬಾಣಾವರದಿಂದ ಸ್ಕೂಟರಿನಲ್ಲಿ ಹೊರಟೆ. ಹೆಗಲಿಗೆ ಇಪ್ಪತ್ತೈದು ಮೀಟರ್ ನೈಲಾನ್ ಹಗ್ಗ, ಜೇಬಿನಲ್ಲಿ ಮೆಟ್ರೋ ಕಾರ್ಡು, ಚೀಲದಲ್ಲಿ ಹೆಂಡತಿ ಕಟ್ಟಿಕೊಟ್ಟ ಚಿತ್ರಾನ್ನ. ಬಡಾವಣೆಯ ಮನೆಗಳಿಗೆ ಇಂಟರ್ನೆಟ್ ಕೊಡುವುದು ನನ್ನ ಕಸುಬು. ಹಿಂದಿನ ಸಂಜೆ ಮೋರಿ ತೋಡಲು ಬಂದ ಜೆಸಿಬಿ ಕೈ ಎತ್ತಿದ ರಭಸಕ್ಕೆ ಕಂಬಗಳ ಮೇಲಿದ್ದ ನಮ್ಮ ಫೈಬರ್ ಕೇಬಲ್ ಕಿತ್ತುಬಂದು, ಅದರದೇ ಚಕ್ರದಡಿ ಸಿಕ್ಕಿ ನಜ್ಜುಗುಜ್ಜಾಗಿತ್ತು. ಹಾಳಾದದ್ದು ನೂರಮೂವತ್ತು ಮೀಟರ್. ನೆಟ್ ಹೋದದ್ದು ಎಂಬತ್ತು ಮನೆಗೆ.

ಬಡಾವಣೆ ಸಂಘದ ಕಾರ್ಯದರ್ಶಿ ನಾಗರಾಜಯ್ಯನವರು ಆ ಸಂಜೆಯೇ ಫೋನ್ ಮಾಡಿದ್ದರು. "ನಾಳೆ ಸಂಜೆ ಏಳಕ್ಕೆ ಮೀಟಿಂಗ್ ಇದೆ ಕಣ್ರೀ. ಅಷ್ಟರೊಳಗೆ ನೆಟ್ ಬರ್ಲಿಲ್ಲ ಅಂದ್ರೆ ಆ ದೊಡ್ಡ ಕಂಪನಿಯೋರಿಗೆ ಒಪ್ಪಿಗೆ ಕೊಟ್ಬಿಡ್ತೀವಿ. ಬೇಜಾರ್ ಮಾಡ್ಕೋಬೇಡಿ."

ಹೇಗೆ ಬೇಜಾರು ಮಾಡಿಕೊಳ್ಳದೆ ಇರಲಿ? ಆ ಎಂಬತ್ತು ಮನೆ ಕೈಬಿಟ್ಟರೆ ನಾನು ಅಂಗಡಿಗೆ ಬೀಗ ಹಾಕಬೇಕಿತ್ತು.

ಪೀಣ್ಯ ತಲುಪಲು ನಲವತ್ತು ನಿಮಿಷ ಹಿಡಿಯಿತು. ಕೇಬಲ್ ಅಂಗಡಿ ಬಾಗಿಲು ತೆಗೆಯುವವರೆಗೆ ಎದುರಿನ ಹೋಟೆಲಿನಲ್ಲಿ ಕಾಫಿ ಕುಡಿದೆ. ಕಂಬಗಳ ಮೇಲೆಲ್ಲ ಕೇಬಲ್ಲಿನ ಸುತ್ತುಗಳು ನೇತಾಡುತ್ತಿದ್ದವು. ಲೈನ್‌ಮನ್‌ಗಳು ಪ್ರತಿ ಕಂಬದಲ್ಲೂ ಹತ್ತು ಹನ್ನೆರಡು ಮೀಟರ್ ಹೆಚ್ಚಿಗೆ ಬಿಟ್ಟು ಸುತ್ತಿ ಕಟ್ಟುತ್ತಾರೆ. ಅದಕ್ಕೆ ಲೂಪ್ ಎನ್ನುತ್ತಾರೆ. ನಮ್ಮಲ್ಲೂ ಇದ್ದವು. "ಏನ್ರೀ ಇದು, ಕಂಬದ ಮೇಲೆ ಜಿಲೇಬಿ ಅಂಗಡಿ?" ಎಂದು ನಾಗರಾಜಯ್ಯನವರು ಆಡಿಕೊಂಡಾಗ ನನಗೆ ಅವಮಾನವಾಗಿ, ಅವನ್ನೆಲ್ಲ ಎಳೆದು ಬಿಗಿಮಾಡಿ ಉಳಿದದ್ದನ್ನು ಕತ್ತರಿಸಿ ಗುಜರಿಗೆ ಹಾಕುವಂತೆ ನಮ್ಮ ಲೈನ್‌ಮನ್ ಹನುಮಂತನಿಗೆ ಹೇಳಿದ್ದೆ. ಕೊಪ್ಪಳದ ಕಡೆಯ ಹನುಮಂತ "ಆತ್ರಿ ಸರ್" ಎಂದಿದ್ದ. ಪೀಣ್ಯದ ಆ ಗೋಜಲು ನೋಡಿ, ನಮ್ಮ ಬಡಾವಣೆ ಎಷ್ಟು ಚೊಕ್ಕಟ ಎಂದು ಕಾಫಿ ಹೀರುತ್ತ ಬೀಗಿದೆ.

ಅಂಗಡಿಯವನು ಹಿಂದಿನ ಸಂಜೆ ಫೋನಿನಲ್ಲಿ ಮೀಟರಿಗೆ ಹದಿನಾಲ್ಕು ರೂಪಾಯಿ ಹೇಳಿದ್ದ. ಅದೇ ಕೇಬಲ್ಲನ್ನು ನಾನು ಹಿಂದೆ ಏಳಕ್ಕೆ ತಂದಿದ್ದೆ. ಈಗ ಅವನು ಕಂಪ್ಯೂಟರ್ ನೋಡಿ ಹತ್ತೊಂಬತ್ತು ಎಂದ.

"ನೆನ್ನೆ ಹದಿನಾಲ್ಕು ಅಂದ್ರಲ್ಲಪ್ಪ?"

"ಅದು ನೆನ್ನೆ ರೇಟು ಸಾರ್. ಇದು ಹನ್ನೊಂದು ಗಂಟೆವರೆಗೆ ಮಾತ್ರ."

ಗೋಡೆಯ ಗಡಿಯಾರದಲ್ಲಿ ಹನ್ನೊಂದಕ್ಕೆ ಹತ್ತು ನಿಮಿಷವಿತ್ತು. ಗಾಬರಿಯಿಂದ, "ಆಯ್ತು, ಕೊಡಿ" ಎಂದೆ.

"ಮಾಲಿಲ್ಲ ಸಾರ್."

"ಇಲ್ಲದಿರೋ ಮಾಲಿಗೆ ರೇಟ್ ಯಾಕೆ ಹೇಳಿದ್ರಿ?"

"ನೀವು ಕೇಳಿದ್ರಲ್ಲ."

ಕೊಳ್ಳುವವರು ಮೊದಲು ಮಾಲು ಇದೆಯೇ ಎಂದು ಕೇಳಬೇಕು, ಆಮೇಲೆ ರೇಟು, ಆಮೇಲೆ ಆ ರೇಟು ಎಷ್ಟು ಹೊತ್ತು ನಿಲ್ಲುತ್ತದೆ ಎಂದು. ನಾನು ತಲೆಕೆಳಗಾಗಿ ಕೇಳಿ ಬೆಳಗಿನ ಹೊತ್ತು ಕಳೆದುಕೊಂಡಿದ್ದೆ. ವೈಟ್‌ಫೀಲ್ಡ್‌ನ ಒಂದು ಗೋಡೌನಿನಲ್ಲಿ ಸಿಗಬಹುದು ಎಂದು ಅವನು ವಿಳಾಸ ಕೊಟ್ಟ. ಅದಕ್ಕೇನೂ ರೇಟ್ ಹಾಕಲಿಲ್ಲ.

ಸ್ಕೂಟರನ್ನು ಪೀಣ್ಯದಲ್ಲೇ ಬಿಟ್ಟು ಹಸಿರು ಮೆಟ್ರೋ ಹತ್ತಲು ಹೋದರೆ, ತಪಾಸಣೆಯವನು ಹಗ್ಗವನ್ನು ಎತ್ತಿ ಹಿಡಿದ.

"ಇದ್ಯಾಕೆ ಸಾರ್?"

"ಕೇಬಲ್ ಡ್ರಮ್ ಕಟ್ಟೋಕೆ."

"ಡ್ರಮ್ ಎಲ್ಲಿ?"

"ತರೋಕೆ ಹೋಗ್ತಿದೀನಿ."

"ಡ್ರಮ್ ತಂದ್ರೆ ಒಳಗೆ ಬಿಡಲ್ಲ ಸಾರ್," ಎಂದು ಹಗ್ಗ ವಾಪಸ್ ಕೊಟ್ಟ. ಇದನ್ನು ನಾನು ಯೋಚಿಸಿಯೇ ಇರಲಿಲ್ಲ.

ಮೆಜೆಸ್ಟಿಕ್‌ನಲ್ಲಿ ನೇರಳೆ ಮೆಟ್ರೋಗೆ ಓಡುತ್ತಿದ್ದಾಗ ಹನುಮಂತನ ಫೋನ್ ಬಂತು. "ಸರ್, ನಮ್ಮ ಹಗ್ಗ ಎಲ್ಲೈತ್ರಿ?"

"ನನ್ನ ಹೆಗಲ ಮೇಲಿದೆ. ಕೇಬಲ್ಲೇ ಇಲ್ಲ, ನಿಂಗೆ ಹಗ್ಗ ಯಾಕೋ?"

"ಅದನ್ನ ಹೇಳಾಕ ಮಾಡೀನ್ರಿ ಸರ್..."

"ಆಮೇಲೆ ಹೇಳು," ಎಂದು ಕತ್ತರಿಸಿದೆ.

ವೈಟ್‌ಫೀಲ್ಡ್‌ಗೆ ತೊಂಬತ್ತು ರೂಪಾಯಿ ಟಿಕೆಟ್. ಎಷ್ಟು ದೂರ ಹೋದರೂ ಅದಕ್ಕಿಂತ ಹೆಚ್ಚಿಲ್ಲ. ಈ ಬುದ್ಧಿ ಕೇಬಲ್ಲಿಗೂ ಇದ್ದಿದ್ದರೆ ಎಂದುಕೊಂಡು ಕಿಟಕಿಯ ಹೊರಗೆ ನೋಡಿದೆ. ಅಲ್ಲೂ ಕಂಬಕ್ಕೊಂದು ಜಿಲೇಬಿ.

ಗೋಡೌನಿನ ಯಜಮಾನ ಮುನಿರಾಜು ಅಲ್ಲಿನ ಮೂಲದವರೇ. ಅವರ ತಾತ ರಾಗಿ ಬೆಳೆದಿದ್ದ ಹೊಲದಲ್ಲಿ ಈಗ ಕೇಬಲ್ ಸುತ್ತಿದ ಆಳೆತ್ತರದ ಡ್ರಮ್ಮುಗಳು ಸಾಲಾಗಿ ನಿಂತಿದ್ದವು. ನೋಡಿ ನನ್ನ ಬಾಯಲ್ಲಿ ನೀರೂರಿತು.

"ಅವೆಲ್ಲ ಬುಕ್ ಆಗವೆ ಕಣಣ್ಣ," ಎಂದರು ಮುನಿರಾಜು. "ಡೇಟಾ ಸೆಂಟ್ರೋರು ಲಾರಿಗಟ್ಲೆ ಎತ್ಕೊಂಡೋಯ್ತಾರೆ. ಎಐ ಅಂತಲ್ಲ, ಅದ್ಕೆ. ನಿಂಗೆ ಎಷ್ಟ್ ಬೇಕು?"

"ನೂರಮೂವತ್ತು."

"ಕಿಲೋಮೀಟ್ರಾ?"

"ಮೀಟರ್."

ಅವರು ನಗಲಿಲ್ಲ, ಅದೇ ದೊಡ್ಡ ಉಪಕಾರ. "ಎಲ್ಡ್ ಕಿಲೋಮೀಟ್ರು ಡ್ರಮ್ ಕುಯ್ದು ನೂರಮೂವತ್ತು ಎಂಗ್ ಕೊಡ್ಲಿ ಏಳು," ಎಂದು ಒಂದು ಲೋಟ ಮಜ್ಜಿಗೆ ಕೊಟ್ಟು, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಮಿಕ್ಕ ತುಂಡು ಮಾರುವ ಅಂಗಡಿಯೊಂದನ್ನು ತಿಳಿಸಿದರು.

ಸ್ಟೇಷನ್ನಿನ ಹೊರಗೆ ನಿಂತು ಚಿತ್ರಾನ್ನ ತಿಂದೆ. ತಪಾಸಣೆಯಲ್ಲಿ ಮತ್ತೆ ಹಗ್ಗದ ವಿಚಾರಣೆ. ಮತ್ತೆ ಹನುಮಂತನ ಫೋನ್. ಬಾಯಲ್ಲಿ ಅನ್ನವಿದ್ದಾಗೊಮ್ಮೆ, ಮೆಟ್ರೋದಲ್ಲಿ ನೂಕುನುಗ್ಗಲಿದ್ದಾಗ ಇನ್ನೊಮ್ಮೆ. ಎತ್ತಲಿಲ್ಲ. ಮತ್ತೆ ತೊಂಬತ್ತು ರೂಪಾಯಿ ತೆತ್ತು, ಮೆಜೆಸ್ಟಿಕ್, ಆರ್.ವಿ. ರಸ್ತೆ ದಾಟಿ, ಹಳದಿ ಮೆಟ್ರೋದಲ್ಲಿ ಎಲೆಕ್ಟ್ರಾನಿಕ್ ಸಿಟಿ ಮುಟ್ಟಿದಾಗ ಮೂರು ಗಂಟೆಯ ಬಿಸಿಲು.

ಅಂಗಡಿ ನೋಡಿಕೊಳ್ಳುತ್ತಿದ್ದ ಪ್ರಮೀಳಾ ಎಂಬ ಹೆಂಗಸು ಮೂಲೆಯ ಡ್ರಮ್ ತೋರಿಸಿದರು. ಇನ್ನೂರೈವತ್ತು ಮೀಟರ್ ಎಂದು ಚೀಟಿ ಅಂಟಿಸಿತ್ತು. ಮೀಟರಿಗೆ ಹನ್ನೊಂದು ರೂಪಾಯಿ! ಖುಷಿಯಿಂದ ಹಗ್ಗವನ್ನು ಹೆಗಲಿಂದ ಇಳಿಸಿಯೂ ಬಿಟ್ಟೆ. ಆದರೆ ಕಸುಬು ಕಲಿಸಿದ ಒಂದು ಅಭ್ಯಾಸ ನನ್ನನ್ನು ಕಾಪಾಡಿತು. ಕೇಬಲ್ಲಿನ ಕರಿ ಹೊದಿಕೆಯ ಮೇಲೆ ಮೀಟರಿಗೊಂದು ಅಂಕಿ ಅಚ್ಚಾಗಿರುತ್ತದೆ. ಒಂದು ತುದಿಯಲ್ಲಿ 1412, ಇನ್ನೊಂದರಲ್ಲಿ 1501. ಕಳೆದರೆ ಎಂಬತ್ತೊಂಬತ್ತೇ ಮೀಟರ್. ಒಂದು ತುದಿಗೆ ಟಾರ್ಚ್ ಹಿಡಿದರೆ ಒಳಗಿನ ಹನ್ನೆರಡು ಗಾಜಿನ ಎಳೆಗಳಲ್ಲಿ ನಾಲ್ಕು ಆ ಕಡೆ ಬೆಳಗಲೇ ಇಲ್ಲ.

"ಚೀಟಿ ಹಳೇದು ಸಾರ್," ಎಂದರು ಪ್ರಮೀಳಾ, ಸ್ವಲ್ಪವೂ ಅಳುಕದೆ. "ಅಲ್ಲಾ, ನೂರಮೂವತ್ತು ಮೀಟರಿಗೆ ಇಷ್ಟು ದೂರ ಬಂದ್ರಾ? ಲೂಪ್ ಬಿಚ್ಚಿ ಎಳ್ಕೊಳ್ಳಿ ಸಾರ್. ರೇಟ್ ಏರಿದ್ಮೇಲೆ ಎಲ್ರೂ ಅದೇ ಮಾಡ್ತಿರೋದು."

"ಲೂಪ್ ಎಲ್ಲಾ ತೆಗೆಸ್ಬಿಟ್ಟೆ."

"ತೆಗೆಸಿದ್ರಾ? ಯಾಕೆ ಸಾರ್?"

"ಚೆನ್ನಾಗಿ ಕಾಣಲ್ಲ ಅಂತ."

ಆಕೆ ಪಕ್ಕದ ಅಂಗಡಿಯವರನ್ನು ಕರೆದು ನನ್ನನ್ನು ತೋರಿಸಿದರು. ನಾಚಿಕೆಗೆ ನನ್ನ ಕಿವಿ ಬಿಸಿಯಾಯಿತು. ಬೆಳಗಿನಿಂದ ಊರಿನ ಉದ್ದಗಲಕ್ಕೂ ಕಂಬಕಂಬದ ಮೇಲೆ ನೇತಾಡುತ್ತ ನನ್ನನ್ನು ಕೂಗುತ್ತಿದ್ದದ್ದು ಇದೇ, ನಾನು ಮೂಗು ಮುರಿದುಕೊಂಡು ಬಂದಿದ್ದೆ.

ಆಗ ಹನುಮಂತನ ಫೋನ್ ಮತ್ತೆ ಬಂತು. ಈ ಸಲ ಎತ್ತಿದೆ.

"ಸರ್, ಬೈಬ್ಯಾಡ್ರಿ. ನೀವು ತಗಿ ಅಂದಿದ್ ಲೂಪ್ ನಾ ತಗದಿಲ್ರಿ. ಮ್ಯಾಲೆ ಸರಿಸಿ ಹೊಂಗಿ ಗಿಡದ ಟೊಂಗಿ ಮರಿಗಿ, ಯಾರಿಗೂ ಕಾಣದಂಗ ಕಟ್ಟೀನ್ರಿ. ಹನ್ನೆರಡು ಕಂಬ, ಕಂಬಕ್ಕ ಹನ್ನೆರಡು ಮೀಟರ್ ಐತ್ರಿ."

ನೂರನಲವತ್ತನಾಲ್ಕು! ನನಗೆ ಅಲ್ಲೇ ಕುಣಿಯಬೇಕೆನಿಸಿತು. "ಬೆಳಿಗ್ಗೆನೇ ಹೇಳ್ಬಾರ್ದಿತ್ತೇನೋ!"

"ಹೇಳಾಕ ಬಿಟ್ರೇನ್ರಿ? ಈಗ ಬಿಚ್ಚಿ ಇಟ್ಟೀನಿ, ಎಳೀಬೇಕಂದ್ರ ಹಗ್ಗ ಬೇಕ್ರಿ. ಲಗೂನ ಬರ್ರಿ."

ಮೂರನೆಯ ತೊಂಬತ್ತು ರೂಪಾಯಿ ಕೊಟ್ಟು ಹೊರಟೆ. ತಪಾಸಣೆಯವಳು ಹಗ್ಗ ಯಾಕೆಂದು ಕೇಳಿದಾಗ, "ಕಾಯ್ತಾ ಇದಾರೆ ಮೇಡಂ" ಎಂದಷ್ಟೇ ಹೇಳಿದೆ. ಪೀಣ್ಯದಲ್ಲಿ ಸ್ಕೂಟರ್ ಹತ್ತಿ, ಐದೂ ಮುಕ್ಕಾಲಿಗೆ ಬಡಾವಣೆ ಸೇರಿದೆ. ಹನುಮಂತ ನನ್ನ ಮುಖ ನೋಡಲಿಲ್ಲ, ಹೆಗಲು ನೋಡಿದ. ಹಗ್ಗವನ್ನು ಕೇಬಲ್ಲಿಗೆ ಬಿಗಿದು ಕಂಬದಿಂದ ಕಂಬಕ್ಕೆ ಎಳೆದೆವು. ವಾಕಿಂಗ್ ಹೊರಟಿದ್ದ ನಾಗರಾಜಯ್ಯನವರೂ ಒಂದು ಕೈ ಹಾಕಿದರು. ತುದಿಗಳು ಕೂಡಿದವು, ಹನುಮಂತ ಹನ್ನೆರಡು ಎಳೆ ಬೆಸೆದ. ಏಳಕ್ಕೆ ಐದು ನಿಮಿಷವಿರುವಾಗ ಮೊದಲ ಮನೆಯಿಂದ ಟಿವಿಯ ಸದ್ದು ಕೇಳಿತು. ನನಗೆ ಅಳುವೇ ಬಂತು.

"ಮೀಟಿಂಗಲ್ಲಿ ನಿಮ್ಮ ವಿಷಯ ಎತ್ತಲ್ಲ ಬಿಡಿ," ಎಂದು ನಾಗರಾಜಯ್ಯನವರು ಕೈ ಒರೆಸಿಕೊಂಡರು. ಮೇಲೆ ನೋಡಿ, "ಕಂಬ ಈಗ ಲಕ್ಷಣವಾಗಿ ಕಾಣ್ತಿದೆ. ಹೀಗೇ ಇರ್ಲಿ."

"ಇಲ್ಲ ಸಾರ್. ಹೊಸ ಕೇಬಲ್ ಸಿಕ್ಕಿದ ದಿನ ಕಂಬಕ್ಕೊಂದು ಜಿಲೇಬಿ ಹಾಕಿಸ್ತೀನಿ," ಎಂದೆ.

ಹನುಮಂತ ಏಣಿಯಿಂದ ಇಳಿದು ಹಗ್ಗವನ್ನು ಅಚ್ಚುಕಟ್ಟಾಗಿ ಸುತ್ತಿದ. ನಾನು ಕೈ ಚಾಚಿದೆ. ಅವನು ಅದನ್ನು ತನ್ನ ಹೆಗಲಿಗೆ ಹಾಕಿಕೊಂಡು ಮನೆಗೆ ಹೋದ.