ಮಾಸಾಯಿ ಹಟ್ಟಿಯಲ್ಲಿ ಅಕ್ಕನ ವ್ಯಾಪಾರ

ನನ್ನ ಅಳಿಯನಿಗೆ ಕೀನ್ಯಾದಲ್ಲಿ ಬೋರ್‌ವೆಲ್ ಕೊರೆಸುವ ಕೆಲಸ. ಮಗಳ ಬಾಣಂತನಕ್ಕೆಂದು ಹೋಗುವಾಗ ಜೊತೆಗಿರಲಿ ಅಂತ ಅಕ್ಕನನ್ನೂ ಹೊರಡಿಸಿದ್ದೆ. ಅಕ್ಕ ದೊಡ್ಡಉಳ್ಳಾರ್ತಿಯವಳು. ಊರ ಪಕ್ಕದ ಹುಲ್ಲುಗಾವಲಿನಲ್ಲಿ ಕುರಿ ಮೇಯಿಸಿ, ಚಳ್ಳಕೆರೆಯಲ್ಲಿ ಕಂಬಳಿ ಮಾರಿ ಸಂಸಾರ ನಡೆಸಿದವಳು.

ಊರಿಗೆ ಹೊರಡುವ ವಾರದಲ್ಲಿ ಅಳಿಯ ನಮ್ಮಿಬ್ಬರನ್ನೂ ದನ, ಕುರಿ ಸಾಕಿ ಬದುಕುವ ಮಾಸಾಯಿ ಜನರ ಹಟ್ಟಿ ನೋಡಲು ಕರೆದೊಯ್ದ. ಅವರು ಕುಣಿದು ಬರಮಾಡಿಕೊಂಡರು, ಕಡ್ಡಿ ಉಜ್ಜಿ ಬೆಂಕಿ ಹೊತ್ತಿಸಿ ತೋರಿಸಿದರು. ಯಾರೋ ನನ್ನ ಕೊರಳಿಗೆ ಮಣಿಸರ ಹಾಕಿದರು. ಸನ್ಮಾನ ಅಂದುಕೊಂಡು ಕೈಮುಗಿದೆ. ಆಮೇಲೆ ರೇಟು ಹೇಳಿದರು. ತೆಗೆದು ಕೊಡಲು ಹೋದರೆ ಯಾರೂ ಕೈ ಚಾಚಲಿಲ್ಲ. ಇನ್ನೊಬ್ಬಳು ಬಂದು ಬಳೆ ತೊಡಿಸಿದಳು. ಮೂವತ್ತು ವರ್ಷ ಶಾಲೆಯಲ್ಲಿ ಮಕ್ಕಳಿಗೆ 'ಬೇಡ' ಅಂದವಳು ನಾನು. ಅಲ್ಲಿ ಆ ಮಾತು ಬಾಯಿಗೇ ಬರಲಿಲ್ಲ. ಮೂರನೇ ಗುಡಿಸಲು ದಾಟುವಷ್ಟರಲ್ಲಿ ಎರಡು ಸರ, ಆರು ಬಳೆ, ಒಂದು ಮರದ ದೊಣ್ಣೆ ನನ್ನವಾಗಿದ್ದವು.

ಅಕ್ಕನ ಹತ್ತಿರ ಮಾತ್ರ ಯಾರ ಆಟವೂ ನಡೆಯಲಿಲ್ಲ. ಅವಳು ಮಣಿಗಳ ಕಡೆ ಕಣ್ಣೆತ್ತದೆ ದೊಡ್ಡಿಗೆ ನುಗ್ಗಿ, ಒಂದು ಕುರಿಯ ಬಾಯಿ ಬಿಡಿಸಿ ಹಲ್ಲು ನೋಡುತ್ತಿದ್ದಳು. ಕುರಿಯ ಒಡತಿ, ಅಕ್ಕನಷ್ಟೇ ವಯಸ್ಸಿನ ಹೆಂಗಸು, ಪಕ್ಕಕ್ಕೆ ಬಂದು ನಿಂತಳು. ಅಕ್ಕ ಹೊದ್ದಿದ್ದ ಕರಿಕಂಬಳಿಯ ಅಂಚು ಹಿಡಿದು ಉಜ್ಜಿ ನೋಡಿ, ಇಂಗ್ಲಿಷ್ ಬಲ್ಲ ಮಗನಿಗೆ ಏನೋ ಹೇಳಿದಳು. ಅವನು ಅಳಿಯನಿಗೆ ಹೇಳಿದ. ಕಂಬಳಿ ಎಷ್ಟಕ್ಕೆ ಕೊಡ್ತೀರಿ ಅಂತ ಕೇಳ್ತಿದಾಳೆ ಅಂದ ಅಳಿಯ.

ಅಕ್ಕ ಕುರಿಯನ್ನು ಬಿಟ್ಟಳು. ಕಂಬಳಿ ಬಿಚ್ಚಿ ನೆಲಕ್ಕೆ ಹಾಸಿ, ನನ್ನ ಬಾಟಲಿಯ ನೀರು ಸುರಿದು, ಹನಿಗಳು ಜಾರುವುದನ್ನು ತೋರಿಸಿದಳು. ಹುಣಸೆಬೀಜದ ಗಂಜಿ ಹಾಕಿದ್ದು, ಮಳೆ ಇಳಿಯಲ್ಲ ಅಂತ ಹೇಳಿಸಿದಳು. ರೇಟು ಮಾತ್ರ ಊರಿನ ಮೂರು ಪಟ್ಟು ಹೇಳಿದಳು. ಆ ಹೆಂಗಸು ನಗಲೂ ಇಲ್ಲ, ಬೆಚ್ಚಲೂ ಇಲ್ಲ. ಒಂದು ಎಳೆ ಜಗ್ಗಿ, ಇದು ಬಿಟ್ಟುಕೊಂಡಿದೆ ಅಂತ ತೋರಿಸಿ, ಕಂಬಳಿ ಮಡಚಿ ವಾಪಸ್ ಕೊಟ್ಟಳು. ಹೋಗುತ್ತಿದ್ದವಳನ್ನು ಅಕ್ಕನೇ ಹೊದಿಕೆಯ ಅಂಚು ಹಿಡಿದು ನಿಲ್ಲಿಸಿದಳು.

ದುಡ್ಡಿನ ಬದಲು ಆಕೆ ಒಂದು ಆಡಿನ ಮರಿ ಕೊಡುತ್ತೇನೆಂದಳು. ಅಕ್ಕ ಒಪ್ಪಿಯೇಬಿಟ್ಟಳು. ವಿಮಾನದಲ್ಲಿ ಬಿಡಲ್ಲ ದೊಡ್ಡತ್ತೆ ಎಂದು ಅಳಿಯ ಗೋಗರೆದ ಮೇಲೆ, ತಟ್ಟೆಯಷ್ಟಗಲದ ಮಣಿಹಾರಕ್ಕೆ ವ್ಯವಹಾರ ಕುದುರಿತು. ಆ ಹೆಂಗಸು ಅಲ್ಲೇ ಕಂಬಳಿ ಹೊದ್ದು ನೆರೆಯವರಿಗೆಲ್ಲ ತಿರುಗಿ ತಿರುಗಿ ತೋರಿಸಿದಳು.

ಜೀಪಿನಲ್ಲಿ ಅಕ್ಕ ಮಣಿಹಾರದ ಎಳೆಗಳನ್ನು ಒಂದೊಂದಾಗಿ ಜಗ್ಗಿ ನೋಡಿದಳು. ಕೊನೆಗೆ, "ನಾನೇ ಮೋಸ ಹೋದೆ ಕಣೇ. ಅವಳಿಗೆ ಕಂಬಳಿ ಬೇಕೇ ಬೇಕಿತ್ತು. ಒಂದು ಸಲಾನೂ ಮುಖದಾಗೆ ತೋರಿಸ್ಲಿಲ್ಲ. ವ್ಯಾಪಾರ ಅಂದ್ರೆ ಹಂಗೆ ಮಾಡಬೇಕು," ಅಂದಳು. ಅವಳೂ ನಿನ್ನಂತೆಯೇ ಅಂದೆ. ಅಕ್ಕನಿಗೆ ಖುಷಿಯಾಯಿತು. ಕಂಬಳಿ ಹೋಯ್ತಲ್ಲ, ಚಳಿ ಅಂತ ನನ್ನ ಶಾಲು ಎಳೆದುಕೊಂಡಳು.