ಎಣಿಕೆಗೆ ಬಂದ ಕೈ

ನೈರೋಬಿಯ ಪಾರ್ಕ್‌ಲ್ಯಾಂಡ್ಸ್‌ನಲ್ಲಿ ನಮ್ಮ ಎದುರು ಫ್ಲ್ಯಾಟಿನ ಆಂಟಿ ಮಾತಾಡುವಾಗ ಅವರ ಬಲಗೈ ತಾನಾಗಿ ಮೇಲೇಳುತ್ತಿತ್ತು. ರಸ್ತೆಬದಿಯಲ್ಲಿ ನಿಂತು ನನಗೇನಾದರೂ ಹೇಳತೊಡಗಿದರೆ ಕೈ ಅಡ್ಡ ಹಿಡಿದರೆಂದು ಮಟಾಟು ವ್ಯಾನುಗಳು ಬಂದು ನಿಂತುಬಿಡುತ್ತಿದ್ದವು.

ಅಲ್ಲಿನ ನಮ್ಮ ಕನ್ನಡ ಕೂಟದಲ್ಲಿ ಆಗ ಮನೆಗೊಂದೇ ವೋಟು. ವಾರ್ಷಿಕ ಸಭೆಯಲ್ಲಿ ಗಂಡಸರು ಕೈ ಎತ್ತುವ ಹೊತ್ತಿಗೆ ನಾವು ಹೆಂಗಸರು ಒಳಗೆ ಹಪ್ಪಳ ಕರಿಯುತ್ತಿದ್ದೆವು. ಆಂಟಿ ಮಾತ್ರ ಪ್ರತಿ ಸಲ ಬಾಗಿಲಿಗೆ ಬಂದು, "ನನ್ನ ಕೈನೂ ಎಣಿಸ್ರೀ" ಎನ್ನುತ್ತಿದ್ದರು. ಅಧ್ಯಕ್ಷರು ನಗುತ್ತ, "ನಿಮ್ಮನೆಯವರು ಎತ್ತಿದಾರಲ್ಲ ಮೇಡಂ" ಎನ್ನುತ್ತಿದ್ದರು.

ಒಂದು ವರ್ಷ ಆಂಟಿ ಅಡುಗೆಮನೆಗೆ ಒಳಗಿನಿಂದ ಚಿಲಕ ಹಾಕಿದರು. ಬಿಸಿಬೇಳೆಬಾತ್‌ಗೆ ಒಗ್ಗರಣೆ ಕೊಟ್ಟು, ಬಡಿಸುವ ಕಿಟಕಿಯನ್ನು ಅರ್ಧ ತೆರೆದು, ಘಮವನ್ನಷ್ಟೇ ಹೊರಗೆ ಬಿಟ್ಟರು.

"ಮೊದಲು ರೂಲ್ ಚೇಂಜ್ ಮಾಡಿ. ಆಮೇಲೆ ಊಟ."

ಮೊದಲು ಕೈ ಎತ್ತಿದವರು ಅವರ ಯಜಮಾನರೇ. ಅವರಿಗೆ ಹಸಿವು ತಡೆಯುತ್ತಿರಲಿಲ್ಲ. ಹತ್ತು ನಿಮಿಷದಲ್ಲಿ ನಿಯಮ ಬದಲಾಯಿತು: ಇನ್ನು ತಲೆಗೊಂದು ವೋಟು.

ಚಿಲಕ ತೆಗೆದು ಹೊರಬಂದ ಹುಮ್ಮಸ್ಸಿನಲ್ಲಿ, ಮುಂದಿನ ವರ್ಷ ಗಂಡಸರೇ ಅಡುಗೆ ಮಾಡಲಿ ಎಂದು ನಾನು ಸೂಚಿಸಿದೆ. ಹೆಂಗಸರು ಕೈ ಎತ್ತಿದರು. ವಿರೋಧಿಸಿದ ಗಂಡಸರ ನಡುವೆ ಬಳೆ ತೊಟ್ಟ ಕೈಯೊಂದು ಎದ್ದಿತ್ತು, ಆಂಟಿಯದು.

"ನಮ್ಮನೆಯವರು ಮಾಡಿದ್ದನ್ನ ನಾನು ತಿಂದಿದೀನಿ ಕಣೇ" ಎಂದು ನನಗೆ ಪಿಸುಗುಟ್ಟಿದರು.

ಕೆಲವು ಗಂಡಸರು ಫ್ಯಾಕ್ಟರಿ ಡ್ಯೂಟಿಗೆ ಹೋಗಿದ್ದರಿಂದ ನಾವೇ ಗೆದ್ದೆವು.

ಫ್ಲ್ಯಾಟಿನ ಮೆಟ್ಟಿಲು ಹತ್ತುವಾಗ ನಾನು ಮೆಲ್ಲಗೆ, "ಮೊದಲನೇ ವೋಟೇ ಸೋತ್ರಲ್ಲ ಆಂಟಿ" ಎಂದೆ.

ಅವರು ತಮ್ಮ ಬಲಗೈಯನ್ನೊಮ್ಮೆ ತಿರುಗಿಸಿ ನೋಡಿಕೊಂಡರು.

"ಸೋತ್ರೆ ಸೋಲ್ಲಿ ಬಿಡೇ. ಎಣಿಸಿದ್ರಲ್ಲ."